ಕಾಳು ಕಟ್ಟದ ಗೋವಿನಜೋಳದ ಬೀಜ: ಪರಿಹಾರ ಕೋರಿ ದುಮ್ಮವಾಡ ಭಾಗದ ರೈತರ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ, ಬೆಂಗಳೂರು

ಇವರಿಂದ,
ದುಮ್ಮವಾಡ ಹಾಗೂ ಸುತ್ತಲಿನ ಗ್ರಾಮಗಳ ರೈತರು,
ಕಲಘಟಗಿ ತಾಲೂಕು, ಧಾರವಾಡ ಜಿಲ್ಲೆ

ವಿಷಯ: 2025ರ ಮುಂಗಾರಿನಲ್ಲಿ ವಿಫಲವಾದ ಹೈಬ್ರಿಡ್ ಬೀಜಕ್ಕೆ ಪರಿಹಾರ ಹಾಗೂ ಪಂಚನಾಮೆಯ ನಕಲು ಕೊಡಿಸುವ ಕುರಿತು.

ಮಾನ್ಯರೇ,

ಕಳೆದ ಮುಂಗಾರಿನಲ್ಲಿ ನಾವು ಬಹುರಾಷ್ಟ್ರೀಯ ಕಂಪನಿಯೊಂದರ ಗೋವಿನಜೋಳದ ಬೀಜ ಬಿತ್ತಿದೆವು. ಬೆಳೆ ಆಳೆತ್ತರ ಬಂತು, ತೆನೆಯೂ ಬಿಟ್ಟಿತು. ರವದಿ ಬಿಡಿಸಿ ನೋಡಿದರೆ ಬುಡದಲ್ಲಿ ನಾಲ್ಕಾರು ಕಾಳು, ಮೇಲೆಲ್ಲ ಬರೀ ಬೆಂಡು. ಅತಿಮಳೆಯೇ ಕಾರಣ ಎಂದು ಕಂಪನಿಯವರು ಹೇಳಿ ಹೋದರು. ಅದೇ ವಾರ, ಅದೇ ಬದುವಿನ ಆಚೆ, ಬೇರೆ ಕಂಪನಿಯ ಬೀಜ ಬಿತ್ತಿದ ಹೊಲದಲ್ಲಿ ತೆನೆ ತುದಿಯವರೆಗೂ ತುಂಬಿತ್ತು. ಮಳೆ ಬದು ನೋಡಿಕೊಂಡು ಬೀಳುವುದಿಲ್ಲ. ಎರಡೂ ಹೊಲಗಳ ತೆನೆಗಳನ್ನು ಅಕ್ಕಪಕ್ಕ ಇಟ್ಟು ತೆಗೆದ ಫೋಟೊ, ಖರೀದಿ ಬಿಲ್ಲು, ಲಾಟ್ ನಂಬರ್ ಇರುವ ಖಾಲಿ ಪಾಕೀಟು, ಹೊಲದ ಉತಾರ ಮತ್ತು ನಾವು ಈ ಹಿಂದೆ ಕೊಟ್ಟ ಅರ್ಜಿಗಳ ಸ್ವೀಕೃತಿ, ಇವೆಲ್ಲವನ್ನೂ ಈ ಮನವಿಗೆ ಲಗತ್ತಿಸಿದ್ದೇವೆ. ಬಿಲ್ಲು ಕೇಳಿದರೂ ಅಂಗಡಿಯವರು ಬಿಳಿ ಚೀಟಿ ಕೊಟ್ಟು ಕಳಿಸಿದ ರೈತರ ಚೀಟಿಗಳೂ ಇದರಲ್ಲಿವೆ. ಅವನ್ನು ತಳ್ಳಿಹಾಕಬಾರದು.

ನಮ್ಮ ಅರ್ಜಿಗಳ ಪರಿಶೀಲನೆಗೆ ಅಧಿಕಾರಿಗಳ ತಂಡ ಬಂದದ್ದು ನಿಜ. ಹೊಲಕ್ಕಿಳಿದು ತೆನೆ ಸುಲಿದು ನೋಡಿದರು, ಪಂಚನಾಮೆಗೆ ನಮ್ಮ ಸಹಿ ಪಡೆದರು. ಆ ಕಾಗದದ ನಕಲು ಇಂದಿಗೂ ನಮ್ಮ ಕೈಸೇರಿಲ್ಲ. ಮಾಹಿತಿ ಹಕ್ಕಿನಡಿ ಕೇಳಿದಾಗ "ಮೇಲಧಿಕಾರಿಗಳಿಗೆ ಕಳಿಸಲಾಗಿದೆ" ಎಂಬ ಒಂದು ಸಾಲಿನ ಉತ್ತರ ಬಂತು. ನಮ್ಮ ಹೊಲದ ವರದಿ ನಮಗೇ ಗುಟ್ಟಾದರೆ ಅದನ್ನು ಯಾರಿಗಾಗಿ ಬರೆದದ್ದು?

ಬೀಜದ ಮಾದರಿ ಎಲ್ಲಿ ಎಂದು ಈಗ ನಮ್ಮನ್ನೇ ಕೇಳುತ್ತಿದ್ದಾರೆ. ಬಿತ್ತಲು ತಂದ ಬೀಜವನ್ನು ರೈತ ಬಿತ್ತುತ್ತಾನೆ, ಪರೀಕ್ಷೆಗೆಂದು ತೆಗೆದಿಡುವುದಿಲ್ಲ. ಮಧುಸೂದನ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರಲ್ಲಿಯೇ ಇದನ್ನು ಒಪ್ಪಿದೆ, ರೈತನೂ ಗ್ರಾಹಕನೇ ಎಂದಿದೆ. ತೀರ್ಪು ಬಂದು ಇಷ್ಟು ವರ್ಷವಾದ ಮೇಲೂ ಅದೇ ಪ್ರಶ್ನೆ ಕೇಳುವವರಿಗೆ ತೀರ್ಪು ಗೊತ್ತಿಲ್ಲವೆಂದು ನಾವು ನಂಬುವುದಿಲ್ಲ.

ವಿಶ್ವ ವ್ಯಾಪಾರ ಸಂಘಟನೆ ಹುಟ್ಟುವ ಮೊದಲೇ, 1992ರ ಡಿಸೆಂಬರಿನಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ್ದು, ಬೀಜ ಬಹುರಾಷ್ಟ್ರೀಯ ಕಂಪನಿಗಳ ಹಿಡಿತಕ್ಕೆ ಹೋದೀತೆಂಬ ಆತಂಕದಿಂದಲೇ. 1995ರ ನಂತರ ಆ ಸಂಘಟನೆಯ ಒಪ್ಪಂದದ ಪ್ರಕಾರ ತಳಿಗಳಿಗೂ ರಕ್ಷಣೆ ಕೊಡಬೇಕಾಯಿತು, 2001ರಲ್ಲಿ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬಂತು. ಅದರಲ್ಲಿ ಕಂಪನಿಯ ಹಕ್ಕೂ ಇದೆ, ನಮ್ಮ ಹಕ್ಕೂ ಇದೆ. ತನ್ನ ಆಲೂಗಡ್ಡೆ ತಳಿ ಬೆಳೆದರೆಂದು ಪೆಪ್ಸಿಕೋ 2019ರಲ್ಲಿ ಗುಜರಾತಿನ ನಾಲ್ವರು ರೈತರ ಮೇಲೆ ತಲಾ ಒಂದು ಕೋಟಿ ರೂಪಾಯಿಗೂ ಮಿಕ್ಕಿದ ದಾವೆ ಹೂಡಿತ್ತು. ದೇಶವೆಲ್ಲ ಎದ್ದು ನಿಂತ ಮೇಲೆ ಹಿಂತೆಗೆದುಕೊಂಡಿತು. ಕಂಪನಿಯ ಹಕ್ಕಿಗೆ ಕೋರ್ಟು ಅಷ್ಟು ಬೇಗ ಸಿಗುತ್ತದೆ. ನೋಂದಾಯಿತ ತಳಿ ಹೇಳಿದಷ್ಟು ಫಲ ಕೊಡದಿದ್ದರೆ ರೈತ ಪರಿಹಾರ ಕೇಳಬಹುದು ಎನ್ನುವ 39(2)ನೇ ಕಲಂ ಮಾತ್ರ ಪುಸ್ತಕದಲ್ಲೇ ಉಳಿದಿದೆ. ನಾವು ಬಿತ್ತಿದ ತಳಿ ನೋಂದಣಿಯಾಗಿದೆಯೋ ಇಲ್ಲವೋ ಎಂಬುದನ್ನೂ ಯಾರೂ ಲಿಖಿತವಾಗಿ ತಿಳಿಸಿಲ್ಲ.

ಇದು ಬರೀ ವ್ಯಾಪಾರದ ತಕರಾರಲ್ಲ. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿದೆ. 2018ರ ಡಿಸೆಂಬರ್ 17ರಂದು ವಿಶ್ವಸಂಸ್ಥೆ ರೈತರ ಹಕ್ಕುಗಳ ಘೋಷಣೆ ಅಂಗೀಕರಿಸಿದಾಗ ಭಾರತವೂ ಪರವಾಗಿ ಮತ ಹಾಕಿದೆ. ಅದರ 19ನೇ ವಿಧಿ ಬೀಜದ ಹಕ್ಕಿನದು. ಹಕ್ಕಿನ ಉಲ್ಲಂಘನೆ ತಡೆಯುವಲ್ಲಿ ಸರ್ಕಾರಿ ನೌಕರರು ತೋರಿದ ನಿರ್ಲಕ್ಷ್ಯ ತಮ್ಮ ಕಾಯ್ದೆಯ 12(ಎ) ಕಲಮಿಗೆ ಬರುತ್ತದೆ. 36(2)ನೇ ಕಲಮಿನ ಒಂದು ವರ್ಷದ ಗಡುವು ಇನ್ನೂ ಮುಗಿದಿಲ್ಲ. ಅದು ಮುಗಿಯಲೆಂದೇ ಕಡತ ಮೇಜಿನಿಂದ ಮೇಜಿಗೆ ಓಡಾಡುತ್ತಿದೆ ಎಂಬ ಸಂಶಯ ನಮಗೆ ಬಲವಾಗಿದೆ.

ಆದ್ದರಿಂದ ಪಂಚನಾಮೆಯ ನಕಲು ಕೂಡಲೇ ಕೊಡಿಸಬೇಕು. ವಿಳಂಬಕ್ಕೆ ಹೊಣೆಯಾದವರನ್ನು ವಿಚಾರಣೆಗೆ ಒಳಪಡಿಸಬೇಕು. ಬಂದ ಖರ್ಚಿಗಷ್ಟೇ ಅಲ್ಲ, ಕೈತಪ್ಪಿದ ಫಸಲಿಗೂ ಕಂಪನಿಯಿಂದ ಪರಿಹಾರ ಕೊಡಿಸಲು ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಉತಾರದಲ್ಲಿ ಹೆಸರಿಲ್ಲದೆ ಲಾವಣಿಗೆ ಹೊಲ ಮಾಡಿದವರನ್ನು ಕೈಬಿಡಬಾರದು. ಸಾಲ ತೆಗೆದು ಬಿತ್ತಿದವರು ಅವರೇ.

ಇದರ ಜೊತೆಗೆ, ಬೀಜದ ಪಾಕೀಟಿನ ಮೇಲಿನ ಷರತ್ತುಗಳು ಕನ್ನಡದಲ್ಲಿರಬೇಕು. ಅಂಗಡಿಯ ಮುಂದೆ ಧರಣಿ ಕುಳಿತಾಗ ನಮ್ಮ ಇಬ್ಬರು ಸಂಗಡಿಗರ ಮೇಲೆ ಹಾಕಿದ ಕೇಸು ಹಿಂಪಡೆಯುವಂತೆ ಸಂಬಂಧಪಟ್ಟವರಿಗೆ ಸೂಚಿಸಬೇಕು.

ವಿಚಾರಣೆಯನ್ನು ಬೆಂಗಳೂರಿನಲ್ಲಲ್ಲದೆ ಧಾರವಾಡದಲ್ಲಿ ನಡೆಸಬೇಕೆಂದೂ ಕೋರುತ್ತೇವೆ. ಒಣಗಿಸಿಟ್ಟ ತೆನೆಗಳನ್ನು ಅಲ್ಲಿಗೆ ತಂದು ಹಾಜರುಪಡಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಸಹಿ ಮತ್ತು ಹೆಬ್ಬೆಟ್ಟು ಹಾಕಿದ ರೈತರು

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಧಾರವಾಡ, ಇವರ ಅವಗಾಹನೆಗಾಗಿ