ಆಮೆಯನ್ನು ಸಾಕುವ ವಿಚಾರ

ಹಿರಿಯೂರಿನ ಕಡೆಯ ಬಾಲಿಕೆಯೊಬ್ಬಳು ಮನೆಯಲ್ಲಿ ಆಮೆಯನ್ನು ಸಾಕಲು ಯಾವ ಸಿದ್ಧತೆ ಬೇಕೆಂದು ನಮ್ಮನ್ನು ಕೇಳಿದಳು. ಅವಳ ಅಕ್ಕರೆಯನ್ನು ಮೆಚ್ಚಿದೆವು. ಸಮ್ಮತಿಯನ್ನು ಮಾತ್ರ ಕೊಡಲಾರದೆ ಹೋದೆವು. ನಮ್ಮ ದೇಶದ ನಕ್ಷತ್ರ ಆಮೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಮಾರುವ ಕೆಂಪು ಕಿವಿಯ ಮರಿಯಾದರೋ ಅಮೆರಿಕದ್ದು. ಇಂದು ಅಂಗೈಯೊಳಗೆ ಅಡಗುವ ಆ ಪ್ರಾಣಿಯು ಊಟದ ತಟ್ಟೆಯಷ್ಟಗಲ ಬೆಳೆದು 30 ವರ್ಷವೂ ಬಾಳಬಲ್ಲುದು. ಮಗಳು ಓದಿಗೋ ಉದ್ಯೋಗಕ್ಕೋ ಪರವೂರಿಗೆ ಹೋದಮೇಲೆ ಅದರ ನಾರುವ ನೀರನ್ನು ಬದಲಾಯಿಸುವವರಾರು? ತಾಯಂದಿರೇ ಅಲ್ಲವೆ! ಬೇಸತ್ತು ಕೆರೆಗೆ ಬಿಟ್ಟರೆ, ಅಲ್ಲಿಯ ಆಮೆಗಳ ಆಹಾರಕ್ಕೂ ಅವು ಬಿಸಿಲು ಕಾಯುವ ಬಂಡೆಗೂ ಅದು ಪಾಲುಗಾರನಾಗುವುದು. ಈಗಾಗಲೇ ಕೊಂಡಿರುವವರು ಅದನ್ನು ವಾಣೀವಿಲಾಸ ಸಾಗರಕ್ಕೆ ಬಿಡದೆ ಕಡೆಯವರೆಗೂ ಸಲಹಬೇಕೆಂದು ಬೇಡುತ್ತೇವೆ. ಬಾಲಿಕೆಗೆ ನಮ್ಮ ಉತ್ತರವು ರುಚಿಸಲಿಲ್ಲ; ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ.