ಸಮವಸ್ತ್ರದ ಬಣ್ಣ ಮತ್ತು ಅಹಿಂಸೆಯ ಲೆಕ್ಕ

ಕುರ್ಲಾದ ಕನ್ನಡ ಜೈನ ಕುಟುಂಬದಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಹುಡುಗನೋ ಹುಡುಗಿಯೋ ಸೈನ್ಯದ ಮಾತೆತ್ತಿದರೆ, ಮೊದಲು ಮೌನ ಆವರಿಸುತ್ತದೆ. ಬಳಿಕ ಒಂದು ರಾಜಿಸೂತ್ರ ಹೊರಬರುತ್ತದೆ. ಸೇರಲೇಬೇಕೆಂದಿದ್ದರೆ ವಾಯುಪಡೆಯೋ ನೌಕಾಪಡೆಯೋ ಆಗಲಿ, ಭೂಸೇನೆ ಮಾತ್ರ ಬೇಡ ಎಂಬುದು ಆ ಸೂತ್ರ. ಮೊದಲೆರಡರಲ್ಲಿ ಯಂತ್ರದ ಕೆಲಸ, ಮೂರನೆಯದರಲ್ಲಿ ಕೈಯಾರೆ ಕೊಲ್ಲುವ ಕೆಲಸ ಎಂಬುದು ಹಿರಿಯರ ತರ್ಕ. ಇದು ಮಮತೆಯಿಂದ ಹುಟ್ಟಿದ ಮಾತು, ಸರಿ. ಆದರೆ ಧರ್ಮದ ಹೆಸರಿನಲ್ಲಿ ಇದು ನಿಲ್ಲುವುದಿಲ್ಲ.

ಜೈನ ಆಚಾರಶಾಸ್ತ್ರವು ಹಿಂಸೆಯನ್ನು ಅಂತರದಿಂದ ಅಳೆಯುವುದಿಲ್ಲ. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ವಿಮಾನಕ್ಕೆ ಬಾಂಬು ಜೋಡಿಸುವವನು ಗಡಿಯಲ್ಲಿ ಬಂದೂಕು ಹಿಡಿದವನಿಗಿಂತ ನಿರ್ಮಲನಲ್ಲ. ಮನೆಯಲ್ಲೇ ಕುಳಿತು ಯುದ್ಧದ ದೃಶ್ಯಗಳನ್ನು ಮೊಬೈಲಿನಲ್ಲಿ ಹಂಚಿ ಹರ್ಷಿಸುವ ಶ್ರಾವಕನೂ ಆ ಲೆಕ್ಕದಿಂದ ಹೊರಗುಳಿಯುವುದಿಲ್ಲ. ತನ್ನ ರಕ್ಷಣೆಯ ಭಾರವನ್ನು ಪರರ ಮಕ್ಕಳ ಮೇಲೆ ಹೊರಿಸಿ, ತನ್ನ ಮನೆಯ ಮಗುವನ್ನು ಮಾತ್ರ ಅಹಿಂಸೆಯ ಹೆಸರಿನಲ್ಲಿ ಹಿಂದಕ್ಕೆಳೆಯುವುದು ವ್ರತವಲ್ಲ, ಅನುಕೂಲ.

ಮುನಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ. ಸಂಕಲ್ಪಪೂರ್ವಕ ಹಿಂಸೆಯನ್ನು ಶ್ರಾವಕನು ತ್ಯಜಿಸಲೇಬೇಕು. ಆಕ್ರಮಣವನ್ನು ಎದುರಿಸುವಾಗಿನ ವಿರೋಧಿ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರನೆಂದು ಪರಂಪರೆ ಒಪ್ಪಿದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿಯಾಗಿದ್ದನು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನೂ ಜಿನಭಕ್ತನು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಜೈನ ಚೌಟ ವಂಶದವಳು. ಇವರ ಹೆಸರು ಯುದ್ಧವನ್ನು ಪವಿತ್ರಗೊಳಿಸುವುದಿಲ್ಲ. ಹೊಣೆಯಿಂದ ನುಣುಚಿಕೊಳ್ಳುವವರಿಗೆ ಮಾತ್ರ ಉತ್ತರವಾಗುತ್ತದೆ.

ಹಿರಿಯರ ಒಂದು ಆತಂಕ ನಿಜವಾದದ್ದು. ಸೂರ್ಯಾಸ್ತದೊಳಗಿನ ಊಟ, ಕಂದಮೂಲ ತ್ಯಾಗ ಮುಂತಾದ ನಿಯಮಗಳನ್ನು ಹಡಗಿನಲ್ಲಾಗಲಿ ಗಡಿಠಾಣೆಯಲ್ಲಾಗಲಿ ನಿತ್ಯವೂ ಪಾಲಿಸುವುದು ಕಷ್ಟ. ಯಾವುದನ್ನು ಉಳಿಸಿಕೊಳ್ಳಬಲ್ಲೆ, ಯಾವುದನ್ನು ಸಡಿಲಿಸಬೇಕಾದೀತು ಎಂಬುದನ್ನು ಅಭ್ಯರ್ಥಿಯು ಮೊದಲೇ ಪ್ರಾಮಾಣಿಕವಾಗಿ ನಿಶ್ಚಯಿಸಿಕೊಳ್ಳಬೇಕು.

ಇನ್ನು ಪಡೆಯ ಆಯ್ಕೆ ನಡೆಯುವುದು ಹನ್ನೆರಡನೆಯ ತರಗತಿಯ ನಂತರವಲ್ಲ, ಹನ್ನೊಂದನೆಯ ತರಗತಿಗೆ ಸೇರುವ ದಿನ. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಭೂಸೇನಾ ವಿಭಾಗಕ್ಕೆ ಯಾವ ಶಾಖೆಯಲ್ಲಿ ಓದಿದವರೂ ಅರ್ಹರು. ನೌಕಾಪಡೆಗೂ ವಾಯುಪಡೆಗೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಮಕ್ಕಳನ್ನು ರೂಢಿಯಂತೆ ವಾಣಿಜ್ಯಕ್ಕೆ ಸೇರಿಸುವ ತಂದೆ, ತಾನೇ ಒಪ್ಪುವ ಎರಡು ಬಾಗಿಲುಗಳನ್ನು ಅರಿಯದೆ ಮುಚ್ಚಿರುತ್ತಾನೆ. ಪದವಿಯ ಬಳಿಕ ವಾಯುಪಡೆಯ ಲೆಕ್ಕಪತ್ರ ಶಾಖೆಯಂಥ ದಾರಿಗಳಿವೆ ನಿಜ, ಆದರೆ ಅವು ಕಿರಿದು. ಹೆಣ್ಣುಮಕ್ಕಳಿಗೂ ಅಕಾಡೆಮಿ 2022ರಲ್ಲಿ ತೆರೆಯಿತು. 2025ರ ಮೇ ತಿಂಗಳಲ್ಲಿ ಮೊದಲ ತಂಡದ 17 ಮಂದಿ ತರಬೇತಿ ಮುಗಿಸಿ ಹೊರಬಂದರು.

ಅಗ್ನಿಪಥದ ದಾರಿ ಹಿಡಿಯುವವರಿಗೆ ಪಡೆಗಿಂತ ಅವಧಿಯ ಪ್ರಶ್ನೆ ದೊಡ್ಡದು. 2022ರ ಆ ಯೋಜನೆಯಲ್ಲಿ ಸೇವೆ 4 ವರ್ಷ. ಕಾಯಂ ಆಗುವವರು ಗರಿಷ್ಠ ಶೇ. 25. ಉಳಿದವರು ಪಿಂಚಣಿಯಿಲ್ಲದೆ, ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯೊಂದಿಗೆ ಹಿಂದಿರುಗಬೇಕು. ಇಪ್ಪತ್ತರ ಆಸುಪಾಸಿನಲ್ಲಿ ಮರಳುವ ತರುಣನಿಗೆ ಮುಂದೇನು ಎಂಬ ಪ್ರಶ್ನೆಯನ್ನು ಸರ್ಕಾರಕ್ಕೆ ಕೇಳುವ ಹಕ್ಕು ಸಮಾಜಕ್ಕಿದೆ. ಅಂಗಡಿ, ಕಾರ್ಖಾನೆ, ಶಿಕ್ಷಣಸಂಸ್ಥೆಗಳನ್ನು ನಡೆಸುವ ಸಮಾಜವು ಅದೇ ಪ್ರಶ್ನೆಯನ್ನು ತನಗೂ ಕೇಳಿಕೊಳ್ಳಬೇಕು.

ಪಂಚಕಲ್ಯಾಣದ ಸವಾಲುಗಳಿಗೆ ಲಕ್ಷಗಟ್ಟಲೆ ಕೂಗುವ ಟ್ರಸ್ಟುಗಳು ಹತ್ತನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೊಂದು ದಿನ ಮಾರ್ಗದರ್ಶನ ಏರ್ಪಡಿಸಿದರೂ ಸಾಕು. ಮಗು ಬಿಳಿ, ನೀಲಿ, ಹಸಿರು ಯಾವ ಸಮವಸ್ತ್ರವನ್ನೇ ಆರಿಸಲಿ, ಅಥವಾ ಯಾವುದನ್ನೂ ಬೇಡವೆನ್ನಲಿ, ಆ ನಿರ್ಧಾರ ಭಯದಿಂದಲ್ಲ, ತಿಳಿವಿನಿಂದ ಹುಟ್ಟಬೇಕು. ಸಮ್ಯಕ್ ಜ್ಞಾನವಿಲ್ಲದೆ ಸಮ್ಯಕ್ ಚಾರಿತ್ರ್ಯವಿಲ್ಲ.