ಗೊತ್ತಾ? ಸರಿ, ಹೇಗೆ ಗೊತ್ತು?

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಕನ್ನಡ ಸಂಘದ ಬೋರ್ಡಿನ ಮೇಲೆ ದಿನಕ್ಕೊಂದು ‘ನಿಮಗಿದು ಗೊತ್ತಾ?’ ಬರೆಯೋಣ ಅಂತ ಶುರು ಮಾಡಿದ್ವಿ. ಆಕ್ಟೋಪಸ್‌ಗೆ ಮೂರು ಹೃದಯ. ಜಿರಾಫೆಯ ಅಷ್ಟುದ್ದ ಕತ್ತಿನಲ್ಲೂ ಮೂಳೆಗಳು ಏಳೇ, ನಮ್ಮ ಕತ್ತಿನಲ್ಲಿ ಇರುವಷ್ಟೇ. ಕ್ಲಿಯೋಪಾತ್ರಾ ರಾಣಿಯ ಕಾಲ ಗೀಜಾದ ದೊಡ್ಡ ಪಿರಮಿಡ್ ಕಟ್ಟಿದ ಕಾಲಕ್ಕಿಂತ, ಮನುಷ್ಯ ಚಂದ್ರನ ಮೇಲೆ ಇಳಿದ 1969ಕ್ಕೇ ಹತ್ತಿರ. ಕ್ಲಾಸಿಗೆ ಲೇಟಾಗಿದ್ದರೂ ಜನ ನಿಂತು ಓದ್ತಿದ್ರು, ಫೋಟೊ ತೆಗೆದು ಸ್ಟೇಟಸ್ ಹಾಕ್ತಿದ್ರು. ನಮಗೂ ಖುಷಿಯೋ ಖುಷಿ.

ಒಂದು ದಿನ ‘ಚಂದ್ರನಿಂದ ಬರಿಗಣ್ಣಿಗೆ ಕಾಣುವ ಏಕೈಕ ಮಾನವ ನಿರ್ಮಿತಿ ಚೀನಾದ ಮಹಾಗೋಡೆ’ ಅಂತ ಬರೆದ್ವಿ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಫಸ್ಟ್ ಇಯರ್ ಹುಡುಗಿಯೊಬ್ಬಳು ಬಂದು, “ಅಣ್ಣಾ, ಅದು ಹೇಗೆ ಗೊತ್ತು?” ಅಂದಳು. “ಎಲ್ಲಾ ಕಡೆ ಹಾಗೇ ಇದೆಯಲ್ಲಮ್ಮ” ಅಂದ್ವಿ. ಅವಳು ಮಾತಾಡಲಿಲ್ಲ, ಬಿಲ್ಲಿನ ಹಿಂದೆ ಲೆಕ್ಕ ಹಾಕಿದಳು.

ಗೋಡೆಯ ಅಗಲ 8 ಮೀಟರ್ ಅಂತ ಇಟ್ಕೊಳ್ಳಿ. ಚಂದ್ರ ಇರೋದು ಸುಮಾರು 3,84,000 ಕಿ.ಮೀ. ದೂರದಲ್ಲಿ. ತಲೆಗೂದಲಿನ ದಪ್ಪ ಸುಮಾರು 0.07 ಮಿ.ಮೀ. ಅದೇ ಅನುಪಾತದಲ್ಲಿ ನೋಡಿದರೆ, 3 ಕಿ.ಮೀ.ಗಿಂತ ದೂರದಲ್ಲಿ ಹಿಡಿದ ಒಂದು ಕೂದಲನ್ನು ಇಲ್ಲಿಂದ ಬರಿಗಣ್ಣಲ್ಲಿ ನೋಡಿದ ಹಾಗೆ! ಗೋಡೆ ಸಾವಿರಾರು ಕಿಲೋಮೀಟರ್ ಉದ್ದ ಇದೆ, ನಿಜ. ಆದರೆ ಕೂದಲು ಎಷ್ಟುದ್ದ ಇದ್ದರೇನು, ಅಷ್ಟು ದೂರದಿಂದ ಕಾಣುತ್ತಾ? ಚಂದ್ರನ ಮಾತು ಬಿಡಿ, 2003ರಲ್ಲಿ ಭೂಮಿಯನ್ನು ಸುತ್ತಿ ಬಂದ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ ಅವರೇ ಗೋಡೆ ತಮಗೆ ಕಾಣಲಿಲ್ಲ ಅಂದಿದ್ದರು.

ಇದು ಹತ್ತನೇ ಕ್ಲಾಸಿನ ಸಮರೂಪ ತ್ರಿಭುಜದ ಲೆಕ್ಕ. ಮೂರು ವರ್ಷ ಇಂಜಿನಿಯರಿಂಗ್ ಓದಿದ ನಮ್ಮಲ್ಲಿ ಒಬ್ಬರಿಗೂ ಅದನ್ನು ಹಾಕಿ ನೋಡೋಣ ಅಂತ ಅನ್ನಿಸಲೇ ಇಲ್ಲ. ನಾಚಿಕೆ ಆಗಿದ್ದು ಅದಕ್ಕೆ.

‘ಗೊತ್ತಾ?’ ಅನ್ನೋ ಒಂದು ಸಾಲು ಸೀನಿಯರ್‌ನಿಂದ ನಕಲು ಮಾಡಿದ ಲ್ಯಾಬ್ ರೆಕಾರ್ಡ್ ಇದ್ದ ಹಾಗೆ. ರೀಡಿಂಗ್ ಎಲ್ಲಾ ಸರಿ ಇರುತ್ತೆ, ಗ್ರಾಫೂ ಚೆನ್ನಾಗಿರುತ್ತೆ. ವೈವಾದಲ್ಲಿ ‘ಯಾಕೆ ಹೀಗೆ?’ ಅಂದ ಕೂಡಲೇ ಬಾಯಿಗೆ ಬೀಗ.

“ಸುಮ್ಮನೆ ಓದಿ ನಗೋ ವಿಷಯಕ್ಕೂ ಲೆಕ್ಕ, ಪುರಾವೆ ಬೇಕಾ? ಮಜಾ ಹೋಗಲ್ವಾ?” ಅಂತ ನಮ್ಮಲ್ಲೇ ಕೆಲವರು ಕೇಳಿದ್ರು. ನಾವು ಹೇಳೋದು, ಮಜಾ ಇರೋದೇ ಅಲ್ಲಿ. ಆಸ್ಟ್ರೇಲಿಯಾದ ವೊಂಬ್ಯಾಟ್ ಅನ್ನೋ ಪ್ರಾಣಿ ಹಾಕೋ ಹಿಕ್ಕೆ ಘನಾಕೃತಿಯಲ್ಲಿ, ಪಗಡೆ ದಾಳದ ಹಾಗೆ ಇರುತ್ತೆ. ನಕ್ಕು ಮುಂದೆ ಹೋಗಬಹುದು. ಆದರೆ ಒಳಗೆ ಮೂಲೆ ಹೇಗೆ ಮೂಡುತ್ತೆ? ಅದರ ಕರುಳಿನ ಕೊನೆಯ ಭಾಗ ಸುತ್ತಲೂ ಒಂದೇ ಸಮ ಹಿಗ್ಗಲ್ಲ, ಕೆಲವು ಕಡೆ ಬಿಗಿ, ಕೆಲವು ಕಡೆ ಸಡಿಲ. ಒಣಗುತ್ತಾ ಬರೋ ಹಿಕ್ಕೆ ಅಲ್ಲೇ ಆಕಾರ ಪಡೆಯುತ್ತೆ. ಇದನ್ನು ಕಂಡುಹಿಡಿದವರಿಗೆ 2019ರಲ್ಲಿ ಭೌತಶಾಸ್ತ್ರದ ಇಗ್ ನೊಬೆಲ್ ಬಂತು. ಮೆಕ್ಯಾನಿಕಲ್‌ನವರೇ, ಎಲಾಸ್ಟಿಸಿಟಿ ಎಲ್ಲಿದೆ ನೋಡಿದ್ರಾ!

ಜಪಾನಿನ ಬುಲೆಟ್ ಟ್ರೈನಿನ ಮೂತಿ ಮಿಂಚುಳ್ಳಿಯ ಕೊಕ್ಕಿನ ಹಾಗಿದೆ ಅಂತ ಬರೆದರೆ ಅದೊಂದು ಸಾಲು. ವೇಗದ ರೈಲು ಸುರಂಗಕ್ಕೆ ನುಗ್ಗಿದಾಗ ಒಳಗಿನ ಗಾಳಿ ಪಿಸ್ಟನ್ ತಳ್ಳಿದ ಹಾಗೆ ಒತ್ತಿಕೊಂಡು, ಇನ್ನೊಂದು ತುದಿಯಲ್ಲಿ ಢಂ ಅಂತ ಸದ್ದು ಬರ್ತಿತ್ತು, ಅಕ್ಕಪಕ್ಕದ ಮನೆಯವರಿಗೆ ಕಾಟ. ಇಂಜಿನಿಯರ್ ಎಯ್ಜಿ ನಕತ್ಸು ಅವರಿಗೆ ಹಕ್ಕಿ ನೋಡೋ ಹವ್ಯಾಸ. ಗಾಳಿಯಿಂದ ನೀರಿಗೆ ಧುಮುಕುವಾಗಲೂ ಮಿಂಚುಳ್ಳಿ ಹೆಚ್ಚು ನೀರು ಚಿಮ್ಮಿಸಲ್ಲ ಅನ್ನೋದು ಅವರ ತಲೆಯಲ್ಲಿತ್ತು. 1997ರಲ್ಲಿ ಓಡಾಟ ಶುರು ಮಾಡಿದ 500 ಸರಣಿಯ ರೈಲಿಗೆ ಆ ಮೂತಿ ಬಂದದ್ದು ಹೀಗೆ. ಇಷ್ಟು ತಿಳಿದ ಮೇಲೆ ಕೆರೆ ಏರಿಯ ಮೇಲೆ ಕೂತ ಮಿಂಚುಳ್ಳಿಯನ್ನು ನೀವು ಮೊದಲಿನ ಹಾಗೆ ನೋಡಲ್ಲ.

ಈಗ ಸ್ವಲ್ಪ ಕಷ್ಟದ ಮಾತು. ಸೆಪ್ಟೆಂಬರ್ 15 ಬಂದರೆ ಸಾಕು, ಸರ್ ಎಂ.ವಿ. ರೈಲಿನಲ್ಲಿ ಹೋಗ್ತಾ ಸದ್ದು ಕೇಳಿಯೇ ಮುಂದೆ ಹಳಿ ಮುರಿದಿದೆ ಅಂತ ಗುರುತಿಸಿ ಸರಪಳಿ ಎಳೆದರು ಅನ್ನೋ ಕತೆ ಎಲ್ಲಾ ಗ್ರೂಪಿನಲ್ಲೂ ಓಡಾಡುತ್ತೆ. ನಾವೂ ಕಳಿಸಿದ್ದೇವೆ. ಯಾವ ರೈಲು, ಯಾವ ಇಸವಿ ಅನ್ನೋದು ಆ ಫಾರ್ವರ್ಡಿನಲ್ಲಿ ಇರಲ್ಲ, ನಾವು ಕೇಳಿದ್ದೂ ಇಲ್ಲ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ವಿನ್ಯಾಸ ಮಾಡಿದ ಸ್ವಯಂಚಾಲಿತ ಗೇಟುಗಳಿಗೆ ಊರಿದೆ, ಇಸವಿ ಇದೆ. ನೀರು ಗೊತ್ತಾದ ಮಟ್ಟ ದಾಟಿದರೆ ಗೇಟು ತಾನೇ ತೆರೆದುಕೊಳ್ಳುತ್ತೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತೆ. ಅಣೆಕಟ್ಟು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಿದ ಜಾಣತನ ಅದು. ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ. ಅವರನ್ನು ಪವಾಡಪುರುಷ ಮಾಡಿ, ಅವರ ಇಂಜಿನಿಯರಿಂಗನ್ನೇ ಮರೆತರೆ ಅದು ಎಂಥ ಗೌರವ?

ಇನ್ನೊಂದು ವಿಷಯ. ನಾವು ಮನೆಯ ಗ್ರೂಪಿಗೆ ಏನೇ ಕಳಿಸಿದರೂ ಅಪ್ಪ, ಅಮ್ಮ, ದೊಡ್ಡಪ್ಪ ನಂಬ್ತಾರೆ. “ಇಂಜಿನಿಯರಿಂಗ್ ಓದೋ ಮಕ್ಕಳು ಕಳಿಸಿದ್ದು, ಸುಳ್ಳಾಗಿರುತ್ತಾ?” ಇವತ್ತು ಚೀನಾದ ಗೋಡೆ, ಯಾರಿಗೂ ನಷ್ಟ ಇಲ್ಲ. ನಾಳೆ ಅದೇ ದಾರಿಯಲ್ಲಿ ‘ಈ ಕಷಾಯ ಕುಡಿದರೆ ಶುಗರ್ ಮಾತ್ರೆ ಬೇಡ’ ಅಂತ ಬರುತ್ತೆ. ಆಗ ಅಜ್ಜಿ ಮಾತ್ರೆ ಬಿಟ್ಟರೆ ಹೊಣೆ ಯಾರು? ಕೇಳೋ ಅಭ್ಯಾಸ ಸಣ್ಣ ವಿಷಯದಲ್ಲೇ ಆಗಬೇಕು.

ಹಾಗಾಗಿ ಬೋರ್ಡಿಗೆ ಹೊಸ ನಿಯಮ ಮಾಡಿದ್ದೇವೆ. ‘ಗೊತ್ತಾ?’ ಅಂತ ಬರೆದವರು ಕೆಳಗೆ ‘ಹೇಗೆ?’ ಅಂತಲೂ ಎರಡು ಸಾಲು ಬರೀಬೇಕು. ಮೊನ್ನೆಯ ಸಾಲು ಆ ಫಸ್ಟ್ ಇಯರ್ ಹುಡುಗಿಯದೇ: ಪೆನ್ನಿನ ಕ್ಯಾಪಿನ ತುದಿಯಲ್ಲಿ ತೂತು ಯಾಕೆ? ಮಗು ಅಕಸ್ಮಾತ್ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೂ ಸ್ವಲ್ಪ ಉಸಿರಾಡಲಿ ಅಂತ.

ಬೋರ್ಡಿನ ಪಕ್ಕ ಮಾರ್ಕರನ್ನು ದಾರಕ್ಕೆ ಕಟ್ಟಿದ್ದೇವೆ. ನಾವು ತಪ್ಪು ಬರೆದಿದ್ದರೆ ಧಾರಾಳವಾಗಿ ಹೊಡೆದು ಹಾಕಿ. ಪಕ್ಕದಲ್ಲಿ ನಿಮ್ಮ ಲೆಕ್ಕ ಬರೆಯೋದು ಮಾತ್ರ ಮರೀಬೇಡಿ.